ನರಕೋಶಗಳು ಉಂಡೆ ಕಟ್ಟಿ ಎದ್ದು ಬರುವುದೇಕೆ?

ಪ್ರಶ್ನೆ: ನಾನು ಪಿಎಚ್‌ಡಿ ಮೊದಲ ವರ್ಷದಲ್ಲಿದ್ದೇನೆ. 18 ದಿನದ ಇಲಿ ಭ್ರೂಣದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಿಂದ ನರಕೋಶ ತೆಗೆದು, ಕೋಶ ಅಂಟಿಸುವ ಕೋಟಿಂಗ್ ಆಗಿ ಪಾಲಿ-ಡಿ-ಲೈಸಿನ್ (ನಾವು ಬರೀ ಲೈಸಿನ್ ಎನ್ನುತ್ತೇವೆ) ಹಚ್ಚಿದ ಗಾಜಿನ ಕವರ್‌ಸ್ಲಿಪ್ ಮೇಲೆ ಬೆಳೆಸುತ್ತೇನೆ. ಮೊದಲ ಎರಡು ದಿನ ನೋಡಲು ಚೆಂದ. ನಾಲ್ಕೈದನೇ ದಿನಕ್ಕೆ ಕೋಶಗಳು ಒಂದೆಡೆ ಸೇರಿ ಉಂಡೆ ಕಟ್ಟುತ್ತವೆ. ಉಂಡೆಗಳ ನಡುವೆ ಹಗ್ಗದಂಥ ದಪ್ಪ ಎಳೆಗಳು ಕಾಣುತ್ತವೆ. ವಾರ ಕಳೆಯುವಷ್ಟರಲ್ಲಿ ಕೆಲವು ಕಡೆ ಪೂರ್ತಿ ಎದ್ದು ತೇಲುತ್ತವೆ. ಲೈಸಿನ್ ದುಪ್ಪಟ್ಟು ಹಾಕು ಎನ್ನುತ್ತಾರೆ ಒಬ್ಬರು. ಲ್ಯಾಮಿನಿನ್ ಸೇರಿಸು ಎನ್ನುತ್ತಾರೆ ಇನ್ನೊಬ್ಬರು. ಪಾಲಿ-ಆರ್ನಿಥಿನ್‌ಗೆ ಬದಲಾಯಿಸು ಎನ್ನುವವರೂ ಇದ್ದಾರೆ. ಯಾವುದು ಒಳ್ಳೆಯದು? ಕೋಟಿಂಗ್‌ನ ಕೆಲಸ ಬರೀ ಅಂಟಿಸುವುದಾ, ಇಲ್ಲ ಬೆಳವಣಿಗೆಯನ್ನೂ ಬದಲಿಸುತ್ತದಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. "ಮೊದಲ ಎರಡು ದಿನ ಚೆಂದ" ಎಂದಿದ್ದೀರಲ್ಲ, ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅಂದರೆ ನಿಮ್ಮ ಕೋಶಗಳು ಬದುಕಿವೆ, ಬಿಡಿಬಿಡಿಯಾಗಿ ಕೂತಿವೆ, ಎಳೆ ಬಿಟ್ಟಿವೆ. ಅಂಗಾಂಶ ಬಿಡಿಸುವಾಗ ಎಡವಟ್ಟಾಗಿದ್ದರೆ ಮೊದಲ ದಿನವೇ ಉಂಡೆ ಕಾಣುತ್ತಿತ್ತು. ಲೈಸಿನ್ ಸರಿಯಾಗಿ ತೊಳೆಯದೆ ವಿಷವಾಗಿದ್ದರೆ ಮರುದಿನವೇ ಕೋಶಗಳು ಕುಗ್ಗಿ, ಒಳಗೆ ಗುಳ್ಳೆ ತುಂಬಿಕೊಂಡು ಸಾಯುತ್ತಿದ್ದವು. ಎರಡೂ ಆಗಿಲ್ಲ. ನಾಲ್ಕೈದನೇ ದಿನಕ್ಕೆ ಉಂಡೆ ಕಟ್ಟಿದರೆ ನನಗೆ ಮೊದಲು ಅನುಮಾನ ಬರುವುದು ನೆಲದ ಮೇಲೆ, ಅಂದರೆ ಕೋಶಗಳು ಕೂತಿರುವ ಕೋಟಿಂಗ್ ಹಚ್ಚಿದ ಗಾಜಿನ ಮೇಲೆ.

ಯಾಕೆ ಅಂತ ಹೇಳುತ್ತೇನೆ. ನರಕೋಶದ ಎಳೆಗಳು ಸುಮ್ನೆ ಮಲಗಿರುವುದಿಲ್ಲ. ಅವು ಸದಾ ಬಿಗಿಯಾಗಿ ಎಳೆದುಕೊಂಡಿರುತ್ತವೆ, ತಂತಿ ಬಿಗಿದ ಹಾಗೆ. ಜೊತೆಗೆ ಪಕ್ಕದ ಕೋಶವನ್ನು ಹಿಡಿಯಲು ಅವುಗಳ ಮೈಮೇಲೆ ಎನ್-ಕ್ಯಾಡ್‌ಹೆರಿನ್‌ನಂಥ ಪ್ರೋಟೀನುಗಳಿವೆ. ಹೀಗಾಗಿ ಪ್ರತಿ ಕೋಶಕ್ಕೂ ಎರಡು ಕಡೆಯ ಸೆಳೆತ. ಕೆಳಗೆ ನೆಲ, ಪಕ್ಕದಲ್ಲಿ ನೆರೆಯ ಕೋಶ. ಮೊದಲೆರಡು ದಿನ ಎಳೆಗಳು ಗಿಡ್ಡ, ನೆರೆಯವರ ಕೈಗೆ ಸಿಗುವುದಿಲ್ಲ, ದುರ್ಬಲ ನೆಲವೂ ಸಾಕಾಗುತ್ತದೆ. ನಾಲ್ಕನೇ ದಿನದ ಹೊತ್ತಿಗೆ ಎಳೆಗಳು ಒಂದನ್ನೊಂದು ಮುಟ್ಟಿ ಜಗ್ಗಲು ಶುರು ಮಾಡುತ್ತವೆ. ನೆಲದ ಹಿಡಿತ ಸಡಿಲವಿದ್ದರೆ ನೆರೆಯವರು ಗೆಲ್ಲುತ್ತಾರೆ. ಕೋಶಗಳು ಜರುಗಿ ಉಂಡೆಯಾಗುತ್ತವೆ, ಎಳೆಗಳು ಕಟ್ಟು ಕಟ್ಟಾಗಿ ಹಗ್ಗವಾಗುತ್ತವೆ. ಕೊನೆಗೆ ಹಾಳೆ ಸುಲಿದಂತೆ ಎದ್ದು ಬರುತ್ತವೆ. ನೀವು ಬರೆದದ್ದು ಇದನ್ನೇ.

ಹಾಗಾದರೆ ಲೈಸಿನ್ ದುಪ್ಪಟ್ಟು ಹಾಕಿದರೆ ಮುಗಿಯಿತು ಅಲ್ವಾ? ಇಲ್ಲ. ಅದಕ್ಕೆ ಲೈಸಿನ್ ಮಾಡುವ ಕೆಲಸ ಏನು ಅಂತ ಮೊದಲು ನೋಡಬೇಕು.

ಗಾಜಿನ ಮೈ ನೀರಿನಲ್ಲಿ ಋಣ ವಿದ್ಯುದಂಶ ಪಡೆಯುತ್ತದೆ. ಕಲ್ಚರ್ ಪ್ಲೇಟಿನ, ಅಂದರೆ ಕೋಶ ಬೆಳೆಸುವ ತಟ್ಟೆಯ, ಪ್ಲಾಸ್ಟಿಕ್ಕೂ ಅಷ್ಟೇ. ಕೋಶದ ಹೊರಮೈಯಲ್ಲೂ ಸಿಯಾಲಿಕ್ ಆಮ್ಲದಂಥ ಸಕ್ಕರೆಗಳಿಂದಾಗಿ ಋಣವೇ ಜಾಸ್ತಿ. ಎರಡೂ ಒಂದನ್ನೊಂದು ದೂಡುತ್ತವೆ. ನಡುವೆ ಧನ ಅಂಶದ ಉದ್ದನೆಯ ಸರಪಳಿಯೊಂದನ್ನು ಹಾಸಿದರೆ ಎರಡೂ ಅದಕ್ಕೆ ಅಂಟುತ್ತವೆ. ಪಾಲಿಲೈಸಿನ್ ಮಾಡುವುದು ಅಷ್ಟೇ ಕೆಲಸ. ಇಲಿ ಭ್ರೂಣದ ಮಿದುಳಿನ ಕೋಶಗಳನ್ನು ಹೀಗೆ ಪಾಲಿಲೈಸಿನ್ ಮೇಲೆ ಬೆಳೆಸಬಹುದೆಂದು ಯಾವಿನ್ ದಂಪತಿ 1974ರಲ್ಲಿ ತೋರಿಸಿದರು. ನಾವೆಲ್ಲ ಇವತ್ತಿಗೂ ಹಿಡಿದಿರುವುದು ಅದೇ ದಾರಿ. ಆರ್ನಿಥಿನ್ ಕೂಡ ಇದೇ ಜಾತಿಯದು, ಧನ ಅಂಶದ ಇನ್ನೊಂದು ಸರಪಳಿ. ಲೈಸಿನ್ ಬಿಟ್ಟು ಆರ್ನಿಥಿನ್‌ಗೆ ಹೋದರೆ ನಿಮ್ಮ ಉಂಡೆ ಕರಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಇನ್ನು 'ಡಿ' ಮತ್ತು 'ಎಲ್' ವಿಷಯ. ಇವು ಒಂದೇ ಅಣುವಿನ ಎರಡು ರೂಪಗಳು, ಒಂದು ಇನ್ನೊಂದರ ಕನ್ನಡಿ ಬಿಂಬ. ಎಲ್ ರೂಪವನ್ನು ಕೋಶಗಳು ಬಿಡುವ ಪ್ರೋಟಿಯೇಸ್‌ಗಳು (ಪ್ರೋಟೀನ್ ಕಡಿಯುವ ಕಿಣ್ವಗಳು) ಮೆಲ್ಲಗೆ ಕಡಿದು ಹಾಕಬಹುದು. ಡಿ ರೂಪ ಅವುಗಳ ಬಾಯಿಗೆ ಒಗ್ಗುವುದಿಲ್ಲ. ವಾರಗಟ್ಟಲೆ ಇಡುವ ಕಲ್ಚರ್‌ಗೆ ಡಿ ವಾಸಿ, ನೀವು ಅದನ್ನೇ ಬಳಸುತ್ತಿದ್ದೀರಿ.

ಗಾಜಿನ ಮೈಗೆ ಎಷ್ಟು ಲೈಸಿನ್ ಬೇಕೋ ಅಷ್ಟೇ ಹಿಡಿಯುತ್ತದೆ, ಒಂದು ತೆಳು ಪದರ. ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಹಾಕಿದಾಗಲೇ ಗಾಜು ತುಂಬಿರುತ್ತದೆ. ಪ್ಲಾಸ್ಟಿಕ್ಕಿಗೆ 50 ಧಾರಾಳ. ಅದರ ಮೇಲೆ ದುಪ್ಪಟ್ಟು ಸುರಿದರೆ ಹೆಚ್ಚಾದದ್ದು ಗಾಜಿಗೆ ಅಂಟದೆ ಸಡಿಲವಾಗಿ ಉಳಿಯುತ್ತದೆ. ಸಡಿಲ ಪಾಲಿಲೈಸಿನ್ ಕೋಶದ ಪೊರೆಗೆ ಅಂಟಿ ಅದನ್ನೇ ಹರಿಯುತ್ತದೆ. ನೆಲದ ಮೇಲಿದ್ದರೆ ಔಷಧ, ನೀರಿನಲ್ಲಿ ತೇಲಿದರೆ ವಿಷ. ಹಾಗಾಗಿ ದುಪ್ಪಟ್ಟು ಮಾಡುವ ಸಲಹೆಯನ್ನು ಪಕ್ಕಕ್ಕಿಡಿ.

ನಿಮ್ಮ ಎರಡನೇ ಪ್ರಶ್ನೆ, ಬರೀ ಅಂಟಿಸುವುದಾ ಎಂದು ಕೇಳಿದ್ದು, ನನಗೆ ಹೆಚ್ಚು ಇಷ್ಟವಾಯಿತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನರದ ಎಳೆಗೆ ಘನವಾದ ಆಸರೆ ಬೇಕು ಎಂಬುದು ಕಲ್ಚರ್ ಎಂಬ ವಿದ್ಯೆ ಹುಟ್ಟಿದಾಗಲೇ ಗೊತ್ತಾದ ಸಂಗತಿ. ಜೀವವಿಜ್ಞಾನಿ ರಾಸ್ ಹ್ಯಾರಿಸನ್ 1907ರಲ್ಲಿ ಕಪ್ಪೆ ಭ್ರೂಣದ ನರ ಅಂಗಾಂಶವನ್ನು ಹೆಪ್ಪುಗಟ್ಟಿದ ದುಗ್ಧರಸದ ಹನಿಯಲ್ಲಿ ತೂಗುಬಿಟ್ಟು, ಎಳೆ ಬೆಳೆಯುವುದನ್ನು ಕಣ್ಣಾರೆ ಕಂಡರು. ಆಮೇಲೆ 1914ರಲ್ಲಿ ಅವರು ಭ್ರೂಣದ ಕೋಶಗಳಿಗೆ ಜೇಡರ ಬಲೆಯ ಎಳೆಗಳನ್ನು ಆಸರೆಯಾಗಿ ಕೊಟ್ಟು ನೋಡಿದರು. ಕೋಶಗಳು ಬಲೆಯ ಎಳೆ ಹಿಡಿದೇ ಸಾಗಿದವು. ಮೊದಲ 'ಕೋಟಿಂಗ್' ಪ್ರಯೋಗ ಎಂದು ಇದನ್ನು ಕರೆಯಲು ನನಗೆ ಆಸೆ. ಅಷ್ಟು ಸಲೀಸಾಗಿ ಕರೆಯಬಾರದೇನೋ, ಆದರೂ ಇನ್‌ಕ್ಯುಬೇಟರ್ ಮುಂದೆ ಬೇಜಾರಾಗಿ ನಿಂತಾಗಲೆಲ್ಲ ನನಗೆ ಆ ಜೇಡ ನೆನಪಾಗುತ್ತದೆ.

ಈಗ ಎಳೆಯ ತುದಿಯನ್ನು ನೋಡಿ. ಅದಕ್ಕೆ ಗ್ರೋತ್ ಕೋನ್ ಎನ್ನುತ್ತೇವೆ. ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ 40 ಪಟ್ಟಿನ ಲೆನ್ಸ್ ಹಾಕಿ, ಒಂದೇ ತುದಿಯ ಮೇಲೆ ಹತ್ತು ನಿಮಿಷ ಕಣ್ಣಿಡಿ. ಚಾಚಿದ ಅಂಗೈ ಹಾಗೆ ಕಾಣುತ್ತದೆ. ಬೆರಳುಗಳು ಹೊರಬರುತ್ತವೆ, ಅತ್ತಿತ್ತ ತಡಕಾಡುತ್ತವೆ, ಕೆಲವು ನೆಲ ಹಿಡಿಯುತ್ತವೆ, ಉಳಿದವು ಒಳಗೆ ಸೇರಿಕೊಳ್ಳುತ್ತವೆ. ಒಳಗಡೆ ಆಕ್ಟಿನ್ ಎಂಬ ಪ್ರೋಟೀನಿನ ಜಾಲ ಸದಾ ಹಿಮ್ಮುಖವಾಗಿ ಜಾರುತ್ತಿರುತ್ತದೆ. ಜಾಲಕ್ಕೂ ನೆಲಕ್ಕೂ ಕೊಂಡಿ ಬಿದ್ದಾಗ ಹಿಂದಕ್ಕೆ ಜಾರುವುದು ನಿಲ್ಲುತ್ತದೆ, ತುದಿ ಮುಂದಕ್ಕೆ ಹೋಗುತ್ತದೆ. ಗಾಡಿಯ ಕ್ಲಚ್ ಹಿಡಿದ ಹಾಗೆ. ಈ ವಿಷಯದವರು ಅದನ್ನು ಕ್ಲಚ್ ಎಂದೇ ಕರೆಯುತ್ತಾರೆ.

ಪಾಚಿ ಕಟ್ಟಿದ ಕಲ್ಲಿನ ಮೇಲೆ ನಡೆದು ನೋಡಿ. ಕಾಲು ಹಿಂದಕ್ಕೆ ಜಾರುತ್ತದೆ, ಮುಂದೆ ಹೋಗಲಾಗದು. ಬರೀ ಗಾಜು ಅಂಥದ್ದು. ಮೊಣಕಾಲುದ್ದ ಕೆಸರಿನಲ್ಲಿ ನಡೆಯಿರಿ. ಕಾಲು ಜಾರುವುದೇ ಇಲ್ಲ, ಆದರೆ ಎತ್ತಲೂ ಆಗದು. ಪಾಲಿಲೈಸಿನ್ ಹೆಚ್ಚುಕಡಿಮೆ ಕೆಸರಿನ ಕಡೆಯದು. ಉಡದ ಹಿಡಿತ ಅದರದು. ಅದರ ಮೇಲೆ ಗ್ರೋತ್ ಕೋನ್ ಅಗಲವಾಗಿ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ, ನಿಧಾನ ಹೋಗುತ್ತದೆ. ಕೋಶಕ್ಕೆ ಅದು ಯಾವ ಸಂದೇಶವನ್ನೂ ಕೊಡುವುದಿಲ್ಲ, ಯಾಕೆಂದರೆ ಲೈಸಿನ್ ಸರಪಳಿಗೆಂದೇ ಕೋಶದ ಮೇಲೆ ರಿಸೆಪ್ಟರ್, ಅಂದರೆ ಅದನ್ನು ಗುರುತಿಸಿ ಹಿಡಿಯುವ ಪ್ರೋಟೀನ್, ಇಲ್ಲ.

ಲ್ಯಾಮಿನಿನ್ ಕಥೆಯೇ ಬೇರೆ. ಅದು ದೇಹದ ಒಳಗಿನ ಪ್ರೋಟೀನ್. ಮೂರು ಸರಪಳಿ ಹೆಣೆದ, ಶಿಲುಬೆಯಾಕಾರದ ದೊಡ್ಡ ಅಣು. ಇಲಿಯ ಗಡ್ಡೆಯೊಂದರಿಂದ ಅದನ್ನು ಬೇರ್ಪಡಿಸಿ ವರದಿ ಮಾಡಿದ್ದು 1979ರಲ್ಲಿ. ನರಕೋಶದ ಮೇಲಿನ ಇಂಟೆಗ್ರಿನ್ ರಿಸೆಪ್ಟರ್‌ಗಳು ಅದನ್ನು ಗುರುತಿಸಿ ಹಿಡಿಯುತ್ತವೆ, ಒಳಗಿನ ಆಕ್ಟಿನ್ ಜಾಲಕ್ಕೆ ಕೊಂಡಿ ಹಾಕುತ್ತವೆ, ಕೆಲಸ ಮುಗಿದ ಮೇಲೆ ಬಿಡುತ್ತವೆ. ಹಿಡಿದು ಬಿಡುವುದು, ಹಿಡಿದು ಬಿಡುವುದು. ಅದರ ಮೇಲೆ ಗ್ರೋತ್ ಕೋನ್ ಸಣಕಲಾಗುತ್ತದೆ, ಚುರುಕಾಗಿ ಓಡುತ್ತದೆ. ಪಾಲಿಲೈಸಿನ್‌ಗಿಂತ ಲ್ಯಾಮಿನಿನ್ ಮೇಲೆ ಅದರ ಹಿಡಿತ ಸಡಿಲ, ಆದರೆ ವೇಗ ಜಾಸ್ತಿ. ಅಂಟು ಹೆಚ್ಚಾದಷ್ಟೂ ಬೆಳವಣಿಗೆ ಹೆಚ್ಚು ಎಂಬ ಲೆಕ್ಕ ಇಲ್ಲಿ ಮುರಿದು ಬೀಳುತ್ತದೆ.

ಆ ಲೆಕ್ಕಕ್ಕೂ ಒಂದು ಹಿನ್ನೆಲೆ ಇದೆ ಅನ್ನಿ. 1975ರಲ್ಲಿ ಪಾಲ್ ಲೆಟರ್ನೋ ಕೋಳಿ ಭ್ರೂಣದ ಸಂವೇದನಾ ನರಕೋಶಗಳಿಗೆ ಎರಡು ಬಗೆಯ ನೆಲವನ್ನು ಚೌಕ ಚೌಕವಾಗಿ ಹಾಸಿ ಕೊಟ್ಟರು. ಎಳೆಗಳು ಹೆಚ್ಚು ಅಂಟುವ ದಾರಿಯನ್ನೇ ಆಯ್ದುಕೊಂಡವು. ಅದರಿಂದ ಅಂಟೇ ಎಲ್ಲ ಎಂದು ಬಹಳ ಜನ ಅಂದುಕೊಂಡರು. ಆಯ್ಕೆ ಕೊಟ್ಟಾಗ ಅದು ಸರಿ. ಆದರೆ ಇಡೀ ನೆಲ ಒಂದೇ ತರಹ ಇದ್ದಾಗ, ಯಾವ ಅಣುವನ್ನು ಹಿಡಿಯಿತು ಅನ್ನುವುದೇ ಎಷ್ಟು ಗಟ್ಟಿಯಾಗಿ ಹಿಡಿಯಿತು ಅನ್ನುವುದಕ್ಕಿಂತ ಮುಖ್ಯ.

ಇನ್ನೂ ಬೆರಗಿನ ಒಂದು ಪ್ರಯೋಗ ಇದೆ. ನಿಮ್ಮದೇ ಹಿಪೊಕ್ಯಾಂಪಸ್ ಕೋಶ. ಈ ಕೋಶ ಮೊದಲು ನಾಲ್ಕೈದು ಗಿಡ್ಡ ಎಳೆ ಬಿಡುತ್ತದೆ, ಎಲ್ಲವೂ ಒಂದೇ ತರಹ. ಒಂದೂವರೆ ದಿನದ ಸುಮಾರಿಗೆ ಅವುಗಳಲ್ಲಿ ಒಂದು ಮುಂದೆ ಓಡಿ ಆಕ್ಸಾನ್ (ಸಂಕೇತವನ್ನು ಹೊರಗೆ ಒಯ್ಯುವ ಉದ್ದ ಎಳೆ) ಆಗುತ್ತದೆ. ಉಳಿದವು ಆಮೇಲೆ ಡೆಂಡ್ರೈಟ್ (ಸಂಕೇತ ಪಡೆಯುವ ಎಳೆ). ಈ ಹಂತಗಳನ್ನು ಡಾಟಿ, ಸಲ್ಲಿವನ್, ಬ್ಯಾಂಕರ್ ಎಂಬ ಸಂಶೋಧಕರು 1988ರಲ್ಲಿ ಬಿಡಿಸಿ ಬರೆದರು. ನಿಮ್ಮ ಲ್ಯಾಬಿನಲ್ಲೂ 'ಸ್ಟೇಜ್ 3' (ಆಕ್ಸಾನ್ ಮುಂದೆ ಓಡುವ ಹಂತ) ಎನ್ನುವ ಮಾತು ಕೇಳಿರುತ್ತೀರಿ, ಅದು ಅಲ್ಲಿಂದ ಬಂದದ್ದು. ಯಾವ ಎಳೆ ಆಕ್ಸಾನ್ ಆಗಬೇಕು? ಇದನ್ನು ನೆಲವೇ ತೀರ್ಮಾನಿಸಬಹುದು ಎಂದು 1999ರಲ್ಲಿ ಗೊತ್ತಾಯಿತು. ಪಾಲಿಲೈಸಿನ್ ಪಟ್ಟಿ, ಅದರ ಪಕ್ಕ ಲ್ಯಾಮಿನಿನ್ ಪಟ್ಟಿ. ಕೋಶ ಒಂದು ಪಟ್ಟಿಯ ಮೇಲೆ, ಗಡಿಯ ಹತ್ತಿರ ಕೂತು ಎಳೆ ಚಾಚಿದಾಗ, ಮೊದಲು ಪಕ್ಕದ ನೆಲ ಮುಟ್ಟಿದ ಎಳೆಯೇ ಸಾಮಾನ್ಯವಾಗಿ ಆಕ್ಸಾನ್ ಆಯಿತು. ಲೈಸಿನ್‌ನಿಂದ ಲ್ಯಾಮಿನಿನ್‌ಗೆ ದಾಟಿದರೂ ಸರಿ, ಲ್ಯಾಮಿನಿನ್‌ನಿಂದ ಲೈಸಿನ್‌ಗೆ ದಾಟಿದರೂ ಸರಿ. ನೆಲ ಬದಲಾದದ್ದೇ ಸುದ್ದಿ. ಮೊದಲ ಸಲ ಇದನ್ನು ಓದಿದಾಗ ನಾನು ಎರಡು ಸಲ ಓದಿದ್ದೆ.

ಹಾಗಾಗಿ ಕೋಟಿಂಗನ್ನು ತಯಾರಿಯ ಭಾಗ ಎಂದುಕೊಳ್ಳಬೇಡಿ, ಅದು ಪ್ರಯೋಗದ ಒಳಗೇ ಇದೆ. ಲ್ಯಾಮಿನಿನ್ ಹಾಕಿದರೆ ಆಕ್ಸಾನ್ ಬೇಗ ಹುಟ್ಟಿ ಉದ್ದ ಬೆಳೆಯುತ್ತದೆ. ಡೆಂಡ್ರೈಟ್ ಮೇಲೆ ಅದೇ ಪ್ರಭಾವ ಕಾಣುವುದಿಲ್ಲ. ನೀವು ಅಳೆಯುವುದು ಆಕ್ಸಾನ್ ಉದ್ದವಾದರೆ, ಅರ್ಧ ಕವರ್‌ಸ್ಲಿಪ್‌ಗಳಿಗೆ ಲ್ಯಾಮಿನಿನ್ ಹಾಕಿ ಅರ್ಧಕ್ಕೆ ಬಿಟ್ಟರೆ ಬಂದ ವ್ಯತ್ಯಾಸ ನೀವು ಪರೀಕ್ಷಿಸುತ್ತಿರುವ ಔಷಧದ್ದೋ ನೆಲದ್ದೋ ಹೇಳಲಾಗದು. ಸಿನಾಪ್ಸ್ (ನರಕೋಶಗಳ ನಡುವಿನ ಕೂಡುತಾಣ) ನೋಡುವವರಿಗೆ ಪಾಲಿಲೈಸಿನ್ ಒಂದೇ ಸಾಕಾಗುತ್ತದೆ. ಎರಡು ಮೂರು ವಾರ ಗಟ್ಟಿಯಾಗಿ ಕೂತರೆ ಅವರಿಗೆ ಅಷ್ಟೇ ಬೇಕಾದದ್ದು.

ನೆಲದ ಮೃದುತ್ವದ ಬಗ್ಗೆ ನೀವು ಕೇಳಿಲ್ಲ, ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಮಿದುಳು ಬೆಣ್ಣೆಯಂತೆ ಮೆತ್ತಗೆ, ಗಾಜು ಅದಕ್ಕಿಂತ ಕೋಟ್ಯಂತರ ಪಟ್ಟು ಗಡಸು. ಮೆತ್ತನೆಯ ಜೆಲ್ ಮೇಲೆ ಬೆನ್ನುಹುರಿಯ ನರಕೋಶಗಳು ಹೆಚ್ಚು ಕವಲೊಡೆಯುವುದನ್ನು 2002ರಲ್ಲೇ ತೋರಿಸಿದ್ದಾರೆ. ನಿಮ್ಮ ಈಗಿನ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ.

ಮತ್ತೆ ನಿಮ್ಮ ಉಂಡೆಗಳಿಗೆ ಬರೋಣ. ನನ್ನ ಅನುಮಾನ ಗಾಜಿನ ಮೇಲೆ. ಲೈಸಿನ್ ಕೋಶವನ್ನು ಹಿಡಿದಿದೆ, ಗಾಜು ಲೈಸಿನ್ನನ್ನು ಹಿಡಿದಿಲ್ಲ.

ಇದನ್ನು ಹೇಳುವುದಕ್ಕೆ ನನ್ನದೇ ಒಂದು ಪೆಟ್ಟಿನ ಕಥೆ ಇದೆ. ಕಲಿಯುವ ದಿನಗಳಲ್ಲಿ ಆರು ವಾರ ನನ್ನ ಕಲ್ಚರ್‌ಗಳೆಲ್ಲ ನಿಮ್ಮದರ ಹಾಗೇ ಎದ್ದು ಬಂದವು. ಲೈಸಿನ್ ಹೊಸದು ತರಿಸಿದೆ. ಮೀಡಿಯಾ, ಅಂದರೆ ಕೋಶಕ್ಕೆ ಉಣಿಸುವ ದ್ರವ, ಬದಲಿಸಿದೆ. ಇನ್‌ಕ್ಯುಬೇಟರ್ ಮೇಲೆ ಗೂಬೆ ಕೂರಿಸಿದೆ. ಒಂದು ಸಂಜೆ ಸುಮ್ನೆ ಕೂತಾಗ ಡಬ್ಬಿಯಿಂದ ತೆಗೆದ ಕವರ್‌ಸ್ಲಿಪ್ ಮೇಲೆ ಪಿಪೆಟ್‌ನಿಂದ ಒಂದು ಹನಿ ನೀರು ಬಿಟ್ಟೆ. ಹನಿ ಹರಡಲೇ ಇಲ್ಲ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಗೆ ನಿಂತಿತು. ಗಾಜಿನ ಮೇಲೆ ಜಿಡ್ಡಿನ ತೆಳು ಪೊರೆ ಇತ್ತು. ಹೊಸ ಡಬ್ಬಿ ತೆರೆದ ವಾರದಿಂದಲೇ ಕೋಶಗಳು ಏಳತೊಡಗಿದ್ದವು, ನಾನು ಡಬ್ಬಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೊಸ ಗಾಜು ಅಂದರೆ ಶುದ್ಧ ಗಾಜು ಅಂದುಕೊಂಡಿದ್ದೆ.

ನೀವೂ ಇವತ್ತೇ ಹನಿ ಬಿಟ್ಟು ನೋಡಿ. ಶುದ್ಧ ಗಾಜಿನ ಮೇಲೆ ನೀರು ತೆಳ್ಳಗೆ ಹರಡಿಕೊಳ್ಳುತ್ತದೆ. ಗುಂಡಗೆ ನಿಂತರೆ ತೊಳೆಯಬೇಕು. ನಾವು ಕವರ್‌ಸ್ಲಿಪ್‌ಗಳನ್ನು ಸೆರಾಮಿಕ್ ರ‍್ಯಾಕಿನಲ್ಲಿ ನಿಲ್ಲಿಸಿ, ಗಾಢ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ಮುಳುಗಿಸುತ್ತೇವೆ. ಫ್ಯೂಮ್ ಹುಡ್ ಒಳಗೆ, ಕೈಗವಸು ಕನ್ನಡಕ ಹಾಕಿಕೊಂಡು. ಆಮೇಲೆ ಎರಡು ಗಂಟೆಯ ಅವಧಿಯಲ್ಲಿ ನಾಲ್ಕೈದು ಸಲ ಶುದ್ಧ ನೀರು ಬದಲಿಸಿ ತೊಳೆದು, ಓವನ್ ಒಳಗೆ ಒಣಶಾಖ ಕೊಟ್ಟು ಕ್ರಿಮಿಶುದ್ಧ ಮಾಡುತ್ತೇವೆ. ಒಂದು ಎಚ್ಚರಿಕೆ, ಇದು ತಮಾಷೆಯಲ್ಲ: ನೈಟ್ರಿಕ್ ಆಮ್ಲ ಮತ್ತು ಆಲ್ಕೊಹಾಲ್ ಯಾವತ್ತೂ ಸೇರಬಾರದು. ಸ್ಫೋಟವಾಗುತ್ತದೆ. ಆಲ್ಕೊಹಾಲ್‌ನಲ್ಲಿ ಅದ್ದಿದ ಗಾಜನ್ನು ಆಮ್ಲಕ್ಕೆ ಹಾಕುವುದು, ಎರಡರ ತ್ಯಾಜ್ಯವನ್ನು ಒಂದೇ ಬಾಟಲಿಗೆ ಸುರಿಯುವುದು, ಎರಡೂ ಬೇಡ. ಸೋಪಿನ ನೀರಿನಲ್ಲಿ ತೊಳೆಯುವ ಅಭ್ಯಾಸ ಇದ್ದರೆ ಬಿಡಿ. ಸೋಪಿನ ಅಂಶ ಗಾಜಿಗೆ ಕಚ್ಚಿಕೊಂಡರೆ ಕೋಶಕ್ಕೆ ಒಳ್ಳೆಯದಲ್ಲ.

ಲೈಸಿನ್ನನ್ನು ಪಿಎಚ್ 8.5ರ ಬೋರೇಟ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಕರಗಿಸಿ. ಆ ಪಿಎಚ್‌ನಲ್ಲಿ ಗಾಜಿನ ಋಣ ಅಂಶ ಹೆಚ್ಚುತ್ತದೆ, ಲೈಸಿನ್ನಿನ ಧನ ಅಂಶ ಹಾಗೇ ಉಳಿಯುತ್ತದೆ, ಹಿಡಿತ ಗಟ್ಟಿ. ನೀರಿನಲ್ಲಿ ಕರಗಿಸಿದರೂ ನಡೆಯುತ್ತದೆ, ಬಹಳ ಲ್ಯಾಬುಗಳು ಹಾಗೇ ಮಾಡುತ್ತವೆ. ಆದರೆ ಗಾಜಿನ ಮೇಲೆ ನನಗೆ ಬೋರೇಟ್ ಕೈಕೊಟ್ಟಿಲ್ಲ. ಸರಪಳಿ ಉದ್ದನೆಯದಿರಲಿ. ಬಾಟಲಿಯ ಮೇಲೆ ಅಣುತೂಕ 70,000ದಿಂದ 150,000 ಎಂದು ಬರೆದಿರುವುದನ್ನು ಆರಿಸಿ. ಗಿಡ್ಡ ಸರಪಳಿ ನೆಲದಿಂದ ಬೇಗ ಕಿತ್ತು ಬರುತ್ತದೆ, ವಿಷದ ಅಪಾಯವೂ ಇದೆ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೂರು ಸಲ ತೊಳೆಯಿರಿ, ಪ್ರತಿ ಸಲ ಹತ್ತಿಪ್ಪತ್ತು ನಿಮಿಷ ನೀರು ನಿಲ್ಲಿಸಿ. ಮೇಲಿಂದ ಸುರಿದು ತಕ್ಷಣ ಹೀರಿಬಿಟ್ಟರೆ ತೊಳೆದ ಹಾಗಲ್ಲ. ಕವರ್‌ಸ್ಲಿಪ್ ಕೆಳಗೆ ಸಿಕ್ಕಿಕೊಂಡ ಲೈಸಿನ್ ಆಮೇಲೆ ಮೆಲ್ಲಗೆ ಹೊರಬರುತ್ತದೆ. ಚಿಮಟದಿಂದ ಕವರ್‌ಸ್ಲಿಪ್ಪನ್ನು ಸ್ವಲ್ಪ ಎತ್ತಿ ಕೆಳಗೂ ನೀರು ಹೋಗುವಂತೆ ಮಾಡಿ. ಬಫರ್ ಇರುವಾಗಲೇ ಅಂಚು ಒಣಗಲು ಬಿಟ್ಟರೆ ಉಪ್ಪಿನ ಬಳೆ ಮೂಡುತ್ತದೆ, ಅಲ್ಲಿ ಕೋಶ ಕೂರುವುದಿಲ್ಲ.

ಲ್ಯಾಮಿನಿನ್ ಹಾಕುವುದಾದರೆ ಅದು ಲೈಸಿನ್ ಆದ ಮೇಲೆ, ತೊಳೆದ ಮೇಲೆ. ಲೈಸಿನ್ ಅದನ್ನು ಹಿಡಿದುಕೊಳ್ಳುತ್ತದೆ. ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಸಾಕು, 37 ಡಿಗ್ರಿಯಲ್ಲಿ ಎರಡು ಗಂಟೆ. ಲ್ಯಾಮಿನಿನ್ ನಾಜೂಕು. ಫ್ರೀಜರ್‌ನಿಂದ ತೆಗೆದು ಕೈಯಲ್ಲಿ ಉಜ್ಜಿ ಕರಗಿಸಬೇಡಿ, ಬೆಚ್ಚಗಾದರೆ ಒಂದಕ್ಕೊಂದು ಹೆಣೆದು ಜೆಲ್ ಆಗುತ್ತದೆ. ಫ್ರಿಜ್‌ನಲ್ಲಿ ನಿಧಾನಕ್ಕೆ ಕರಗಲಿ. ಹಚ್ಚಿದ ಮೇಲೆ ಒಣಗಲು ಬಿಡಬೇಡಿ. ಲೈಸಿನ್ ಒಣಗಿದರೆ ಚಿಂತೆಯಿಲ್ಲ, ಲ್ಯಾಮಿನಿನ್ ಒಣಗಿದರೆ ಕೆಟ್ಟಿತು.

ಒಂದು ಮಾತು. ಗಾಜು ಜಿಡ್ಡಾಗಿದ್ದು ಲೈಸಿನ್ನೇ ಕೂತಿಲ್ಲದಿದ್ದರೆ ಮೇಲಿನ ಲ್ಯಾಮಿನಿನ್ ಕೂಡ ಗಟ್ಟಿಯಾಗಿ ನಿಲ್ಲುವುದಿಲ್ಲ. ಒಂದೆರಡು ದಿನ ಸುಧಾರಿಸಿದಂತೆ ಕಾಣುತ್ತದೆ, ಆಮೇಲೆ ಇಡೀ ಹಾಳೆ ಒಟ್ಟಿಗೆ ಏಳುತ್ತದೆ. ಕಾಂಡಕೋಶದಿಂದ ಮಾಡಿದ ನರಕೋಶ ಬೆಳೆಸುವವರು ಇದನ್ನು ಚೆನ್ನಾಗಿ ಬಲ್ಲರು. ಅವರಿಗೆ ಲೈಸಿನ್, ಲ್ಯಾಮಿನಿನ್ ಎರಡೂ ಬೇಕು, ಮೀಡಿಯಾಕ್ಕೂ ಆಗಾಗ ಲ್ಯಾಮಿನಿನ್ ಸೇರಿಸುತ್ತಿರುತ್ತಾರೆ. ಬೆನ್ನುಹುರಿ ಪಕ್ಕದ ಸಂವೇದನಾ ನರಕೋಶಗಳಿಗೂ ಲ್ಯಾಮಿನಿನ್ ಇದ್ದರೆ ಲಾಭ ಕಣ್ಣಿಗೆ ಕಾಣುತ್ತದೆ. ಇಲಿಯ ಗಡ್ಡೆಯಿಂದ ಬಂದ ಪಿಸಿ12 ಕೋಶಗಳಿಗೆ ಸಾಮಾನ್ಯವಾಗಿ ಕೊಲ್ಯಾಜನ್ ಎಂಬ ಪ್ರೋಟೀನ್. ಪಕ್ಕದ ಲ್ಯಾಬಿನವರ ಕೋಟಿಂಗ್ ಅವರ ಕೋಶಕ್ಕೆ ಸರಿ, ನಿಮ್ಮದಕ್ಕೆ ಸರಿ ಎಂದೇನಿಲ್ಲ.

ಕೋಟಿಂಗ್ ಹೊರತಾಗಿ ಎರಡು ಸಂಗತಿ ನೋಡಿಕೊಳ್ಳಿ. ಮೀಡಿಯಾ ಬದಲಿಸುವಾಗ ಪೂರ್ತಿ ಹೀರಬೇಡಿ, ಅರ್ಧ ತೆಗೆದು ಅರ್ಧ ಹಾಕಿ, ಅದೂ ಗೋಡೆಗುಂಟ ನಿಧಾನಕ್ಕೆ. ನಾಲ್ಕನೇ ದಿನವೇ ನೀವು ಮೊದಲ ಸಲ ಮೀಡಿಯಾ ಬದಲಿಸುತ್ತಿದ್ದರೆ, ಆ ದಿನವೇ ಕೋಶಗಳು ಏಳುತ್ತಿದ್ದರೆ, ಅದು ಕಾಕತಾಳೀಯ ಆಗಿರಲಿಕ್ಕಿಲ್ಲ. ಇನ್ನು ಸಾಂದ್ರತೆ. ಚದರ ಸೆಂಟಿಮೀಟರಿಗೆ 50,000 ಕೋಶ ಸಾಕು. ಅದರ ಮೂರ್ನಾಲ್ಕು ಪಟ್ಟು ಸುರಿದಿದ್ದರೆ ಒಳ್ಳೆಯ ನೆಲದ ಮೇಲೂ ನೆರೆಯವರ ಜಗ್ಗಾಟ ಜೋರಾಗುತ್ತದೆ.

ಮುಂದಿನ ಸಲ ಕೋಶ ತೆಗೆದಾಗ ಒಂದೇ ಪ್ಲೇಟಿನಲ್ಲಿ ಮೂರು ಬಗೆ ಇಡಿ. ಡಬ್ಬಿಯಿಂದ ತೆಗೆದ ಗಾಜಿಗೆ ಲೈಸಿನ್. ಆಮ್ಲದಲ್ಲಿ ತೊಳೆದ ಗಾಜಿಗೆ ಅದೇ ಲೈಸಿನ್. ಮೂರನೆಯದರಲ್ಲಿ ಗಾಜೇ ಬೇಡ, ಪ್ಲೇಟಿನ ಪ್ಲಾಸ್ಟಿಕ್ಕಿಗೇ ನೇರ ಲೈಸಿನ್. ಒಂದೇ ದಿನದ ಕೋಶ, ಒಂದೇ ಸಾಂದ್ರತೆ, ಒಂದೇ ಮೀಡಿಯಾ. ಐದನೇ ದಿನ ನೋಡಿ. ಮೊದಲನೆಯದು ಮಾತ್ರ ಉಂಡೆ ಕಟ್ಟಿದರೆ ಗಾಜಿನದೇ ತಪ್ಪು, ಆಮ್ಲ ತೊಳೆತದಲ್ಲೇ ಮುಗಿಯಿತು, ಲ್ಯಾಮಿನಿನ್ ಖರ್ಚು ಉಳಿಯಿತು. ಮೊದಲ ಎರಡೂ ಉಂಡೆಯಾಗಿ ಪ್ಲಾಸ್ಟಿಕ್ ಚೆನ್ನಾಗಿದ್ದರೆ ಬಫರ್, ತೊಳೆತ ಎರಡನ್ನೂ ಮತ್ತೆ ನೋಡಿ. ಮೂರೂ ಉಂಡೆಯಾದರೆ ಲೈಸಿನ್ ಬಾಟಲಿಯನ್ನೇ ಬದಲಿಸಿ, ಸಾಂದ್ರತೆಯನ್ನು ಇನ್ನೊಮ್ಮೆ ಎಣಿಸಿ. ಆಗಲೂ ಬಗೆಹರಿಯದಿದ್ದರೆ ಎರಡನೇ ದಿನದ್ದೊಂದು, ಐದನೇ ದಿನದ್ದೊಂದು ಚಿತ್ರ ಕಳಿಸಿ, ಎರಡೂ ಒಂದೇ ಜಾಗದ್ದಾಗಿರಲಿ.